ಹುಚ್ಚೆಳ್ಳು ಹೊಟ್ಟಿನ ನೊಣ

ಸೂಕ್ಷ್ಮದರ್ಶಕದ ಕೆಳಗಿದ್ದ ನೊಣದ ರೆಕ್ಕೆಯ ತುದಿಯಲ್ಲಿ ಕಂದು ಗೆರೆಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡಿರಬೇಕಿತ್ತು. ಹುಚ್ಚೆಳ್ಳಿನ ಹೂವಿನಲ್ಲಿ ಬೆಳೆಯುವ ನೊಣವೆಂದರೆ ಹಾಗೇ ಇರುತ್ತದೆ. ಎಳ್ಳಿನ ಕಾಳಿಗಿಂತ ತುಸು ಉದ್ದದ ಮೈ, ಬೂದು ಬೆನ್ನು, ಚುಕ್ಕಿ ಚುಕ್ಕಿ ರೆಕ್ಕೆ. ಅಂಥವನ್ನು ನೂರಾರು ನೋಡಿ ನನ್ನ ಕಣ್ಣು ಪಳಗಿತ್ತು. ಈ ನೊಣದ ರೆಕ್ಕೆಯ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ತುದಿಯೆಲ್ಲ ಒಂದೇ ಕಂದು, ಅದರ ನಡುವೆ ಕಿಟಕಿ ತೆರೆದಿಟ್ಟ ಹಾಗೆ ಒಂದು ಬಿಳಿ ಮಚ್ಚೆ.

ಮೊದಲು ರೆಕ್ಕೆಗೆ ಏನೋ ಅಂಟಿದೆ ಅಂದುಕೊಂಡೆ. ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಸವರಿ ನೋಡಿದೆ, ಹೋಗಲಿಲ್ಲ. ಒಣ ಹೂತಲೆ ತುಂಬಿ ತಂದಿದ್ದ ಅದೇ ಚೀಲದಿಂದ ಹೊರಬಂದ ನೊಣಗಳನ್ನೆಲ್ಲ ಮತ್ತೆ ಹರಡಿಕೊಂಡು ಒಂದೊಂದಾಗಿ ತಿರುಗಿಸಿದೆ. ಅಂಥವೇ ಇನ್ನೂ ಎರಡು ಸಿಕ್ಕವು. ಮೂರೂ ಹೆಣ್ಣು.

ನಾನು ಆಗ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಪಾಠ. ಮಧ್ಯಾಹ್ನ ಶಾಂತಿಗ್ರಾಮದ ಮೇಲೆ ಹಾಸನಕ್ಕೆ ಬಸ್ಸು. ಅಲ್ಲಿ ನಮ್ಮ ಮಾರ್ಗದರ್ಶಕರ ಪ್ರಯೋಗಾಲಯದಲ್ಲಿ ಸಂಜೆಯವರೆಗೆ ಸಂಶೋಧನೆಯ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಲಭವಾಗಿ ಬಂದದ್ದಲ್ಲ ಅದು. ಸಂಶೋಧನೆಗೆ ವಿಷಯ ಆರಿಸಿಕೊಳ್ಳುವಾಗ ಜೊತೆಯವರು ಡಿಎನ್‌ಎ, ಕ್ಯಾನ್ಸರ್ ಅಂತ ದೊಡ್ಡ ದೊಡ್ಡ ಹೆಸರು ಹಿಡಿದರು. ನಾನು ಅಕ್ಕಡಿ ಸಾಲು ಹಿಡಿದೆ. ರಾಗಿ ಹೊಲದ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತೇವಲ್ಲ, ಆ ಸಾಲು. ಅದರಲ್ಲಿ ಹುಚ್ಚೆಳ್ಳಿನ ಕಾಳನ್ನು ಒಳಗಿಂದ ತಿನ್ನುವ ಹುಳುಗಳು ಯಾವುವು ಎಂಬುದು ನನ್ನ ಪ್ರಶ್ನೆ. ಆ ಸಾಲಿನಲ್ಲಿ ಬೆನ್ನು ಬಗ್ಗಿಸಿ ಬೆಳೆದವಳು ನಾನು. ಉಳಿದವರಿಗೆ ಪುಸ್ತಕದಲ್ಲಿ ಸಿಗುವುದು ನನಗೆ ಮೊಣಕಾಲಿನ ನೆನಪಿನಲ್ಲೇ ಇತ್ತು.

ಮಾರ್ಗದರ್ಶಕರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಮೂರನ್ನೂ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, “ಎಲ್ಲಿಂದ ತಂದೆಯಮ್ಮಾ ಇದನ್ನ?” ಎಂದರು.

“ನಮ್ಮೂರ ಕಣದಿಂದ ಸರ್. ಒಟ್ಟಿದ್ದ ಹುಚ್ಚೆಳ್ಳಿನ ಮೆದೆಯಿಂದ ಒಣಗಿದ ಹೂತಲೆಗಳನ್ನ ಬಾಚಿ ಚೀಲಕ್ಕೆ ತುಂಬಿದ್ದೆ.”

“ಗಂಡು?”

“ಇಲ್ಲ ಸರ್.”

“ಹಾಗಾದ್ರೆ ಇನ್ನೂ ಏನೂ ಇಲ್ಲ ಅನ್ನು.”

ಬೇಸರದಿಂದ ಹೇಳಿದ ಮಾತಲ್ಲ ಅದು. ಈ ಗುಂಪಿನ ನೊಣಗಳಲ್ಲಿ ರೆಕ್ಕೆಯ ಚಿತ್ತಾರವೊಂದನ್ನೇ ನಂಬಿ ಹೊಸ ಜಾತಿ ಎನ್ನುವಂತಿಲ್ಲ. ಚಳಿಗೆ, ಮೇವಿಗೆ ಬಣ್ಣ ಅಷ್ಟಿಷ್ಟು ಬದಲಾಗುತ್ತದೆ. ಗಂಡಿನ ಹೊಟ್ಟೆಯ ತುದಿಯಲ್ಲಿ, ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳಲು ಒಂದು ಜೊತೆ ಕೊಂಡಿ ಇರುತ್ತದೆ. ಅದರ ಆಕಾರ ಜಾತಿಯಿಂದ ಜಾತಿಗೆ ಬೇರೆ, ಒಂದೇ ಜಾತಿಯೊಳಗೆ ಒಂದೇ. ಬೀಗಕ್ಕೆ ಅದರದೇ ಬೀಗದ ಕೈ ಇರುವ ಹಾಗೆ. ಆ ಕೊಂಡಿಯ ಚಿತ್ರ ಬರೆಯದೆ ಕಳಿಸಿದ ವಿವರಣೆಯನ್ನು ಯಾವ ಪತ್ರಿಕೆಯೂ ಮುಟ್ಟುವುದಿಲ್ಲ.

“ಈ ಬೇಸಿಗೆಗೆ ನಾನು ನಿವೃತ್ತಿ,” ಎಂದರು ಸರ್. “ನನ್ನ ಕೈ ಕೆಳಗೆ ಇದು ಆಗಬೇಕಾದ್ರೆ ಈ ಸುಗ್ಗಿಯಲ್ಲೇ ಗಂಡು ಸಿಗಬೇಕು. ಇಲ್ಲದಿದ್ರೆ ಇದು ‘ಇರಬಹುದು’ ಅಷ್ಟೇ.”

‘ಇರಬಹುದು’ ಎಂಬ ಪದ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತುಕೊಂಡು ಬಂತು. ನಮ್ಮನೆಯಿಂದ ಬಂದವರಿಗೆ ಆ ಪದ ಚೆನ್ನಾಗಿ ಗೊತ್ತು. ಪಾಸಾಗಬಹುದು, ಕೆಲಸ ಸಿಗಬಹುದು, ಕಾಯಂ ಆಗಬಹುದು. ಈ ನೊಣವನ್ನಾದರೂ ಆ ಸಾಲಿನಿಂದ ಆಚೆ ತರಬೇಕು ಅನ್ನಿಸಿತು.

ರಜೆ ಹಾಕಿ, ಬಲೆ ಹಿಡಿದು ಅರಕಲಗೂಡು ಕಡೆಯ ಹೊಲಗಳಿಗೆ ಹೋದೆ. ಸಾಲಗಾಮೆಯ ಸುತ್ತ ಅಲೆದೆ. ತಡವಾಗಿತ್ತು. ರಾಗಿ ಕೊಯ್ದಾಗಿತ್ತು, ಹುಚ್ಚೆಳ್ಳನ್ನೂ ಕೊಯ್ದು ಮೆದೆ ಒಟ್ಟಾಗಿತ್ತು. ಕೂಳೆಯ ಮೇಲೆ ಬಲೆ ಬೀಸಿದರೆ ಮಿಡತೆ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಉಳಿದದ್ದು ನಮ್ಮೂರ ಕಣವೊಂದೇ. ಮೊದಲ ಚೀಲದ ಉಳಿಕೆಯನ್ನು ನೋಡೋಣವೆಂದರೆ, ಎಣಿಕೆ ಮುಗಿದ ಕೂಡಲೇ ಹೊಟ್ಟನ್ನು ಸುಡುವುದು ನಮ್ಮ ಪ್ರಯೋಗಾಲಯದ ಪದ್ಧತಿ. ಸುಟ್ಟಾಗಿತ್ತು. ಅವ್ವನಿಗೆ ಫೋನು ಮಾಡಿದೆ.

“ಅವ್ವಾ, ಹುಚ್ಚೆಳ್ಳು ಬಡಿದ್ಬಿಟ್ರಾ?”

“ಇನ್ನೂ ಅರ್ಧ ಮೆದೆ ಐತೆ ಕಣೆ. ಯಾಕೆ?”

“ಒಂದು ಚೀಲ ತಲೆ ಬೇಕಿತ್ತು. ಬಡಿಯದೇ ಇರೋದು.”

“ತಲೆ ತಗಂಡು ಏನ್ಮಾಡ್ತೀಯೆ? ಬಡ್ದು ಕಾಳೇ ಕೊಡ್ತೀನಿ, ಚಟ್ನಿಪುಡಿ ಮಾಡ್ಕ.”

“ಕಾಳು ಬೇಡವ್ವ, ಅದರೊಳಗಿರೋ ನೊಣ ಬೇಕು.”

“ನೊಣನಾ! ಕೊಟ್ಗೆಗೆ ಬಾ ಮಗ, ನಿಂಗೆ ಎಷ್ಟ್ ಬೇಕೋ ಅಷ್ಟ್ ಅವೆ.”

ನಕ್ಕಳು. ಆದರೂ ಕಳಿಸಿದಳು. ನಮ್ಮಣ್ಣ ಚೀಲವನ್ನು ಬೈಕಿನಲ್ಲಿ ಹೊಳೆನರಸೀಪುರಕ್ಕೆ ತಂದು ಹಾಸನದ ಬಸ್ಸಿಗೆ ಹಾಕಿ, ಕಂಡಕ್ಟರಿಗೆ ಹೇಳಿ ಹೋದ. ನಾನು ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ತಂದು, ಹೂತಲೆಗಳನ್ನೆಲ್ಲ ಪರದೆ ಕಟ್ಟಿದ ಪೆಟ್ಟಿಗೆಗಳಿಗೆ ಹರಡಿದೆ. ಪೆಟ್ಟಿಗೆಗೆ ಕರಿ ಬಟ್ಟೆ ಹೊದಿಸಿ, ಒಂದು ಮೂಲೆಯಲ್ಲಿ ಮಾತ್ರ ಗಾಜಿನ ಸೀಸೆ ಸಿಕ್ಕಿಸಬೇಕು. ಹೊರಬಂದ ನೊಣ ಬೆಳಕು ಹುಡುಕಿಕೊಂಡು ಸೀಸೆಗೇ ಬಂದು ಕೂರುತ್ತದೆ.

ಬಂದವು. ದಿನ ಬಿಟ್ಟು ದಿನ ಸೀಸೆ ತುಂಬ ಬಂದವು. ಎಲ್ಲವೂ ಹಳೆಯ ನೊಣವೇ. ಬೀಸಣಿಗೆ ಗೆರೆ, ಬೀಸಣಿಗೆ ಗೆರೆ. ಕಿಟಕಿಯ ರೆಕ್ಕೆಯದು ಒಂದೂ ಇಲ್ಲ. ಹೂತಲೆಗಳು ಒಣಗಿ ಪುಡಿಯಾದವು, ನೊಣ ಬರುವುದು ನಿಂತಿತು. ಅದೇ ಕಣ, ಅದೇ ಮೆದೆ, ಅದೇ ಸುಗ್ಗಿ. ಅಲ್ಲಿ ಮೂರು ಬಂದು ಇಲ್ಲಿ ಒಂದೂ ಬಾರದೇ ಇರಲು ಕಾರಣ ನನಗೆ ಹೊಳೆಯಲಿಲ್ಲ. ಮೊದಲ ಮೂರು ಎಲ್ಲಿಂದಲೋ ಹಾರಿ ಬಂದು ಚೀಲ ಸೇರಿದ್ದವೇನೋ ಎಂದರು ಸರ್.

ಸಂಕ್ರಾಂತಿಗೆ ಊರಿಗೆ ಹೋದೆ. ನಮ್ಮೂರು ಹರದನಹಳ್ಳಿ ಕಡೆ, ಹೆಚ್ಚು ಸದ್ದಿಲ್ಲದ ಊರು. ಹಬ್ಬದ ಮರುದಿನ ಅವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತೆ.

“ಯಾಕೆ ಮಖ ಇಂಗ್ ಮಾಡ್ಕಂಡಿದೀಯ? ಚೀಲ ಸಾಲ್ಲಿಲ್ವಾ?”

“ಸಾಕಾಯ್ತವ್ವ. ಬೇಕಾದ್ದು ಅದರಲ್ಲಿರಲಿಲ್ಲ.”

“ಇಲ್ದೆ ಏನು? ಎರಡ್ ದಿನ ಕೂತ್ಕಂಡು ಒಂದೊಂದೇ ತಲೆ ಆರ್ಸಿದೀನಿ. ಒಂದು ಕಸ ಇದ್ರೆ ತೋರ್ಸು.”

ನಾನು ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟೆ. “ಆರಿಸಿದ್ಯಾ?”

“ಮತ್ತೆ? ಅಂಗೇ ಕಸದ್ ಸಮೇತ ಕಾಲೇಜಿಗೆ ಕಳ್ಸಕ್ಕಾಯ್ತದಾ? ನೋಡ್ದೋರು ಏನಂತಾರೆ? ಇವ್ಳವ್ವ ಒಂದು ಚೀಲ ಅಸನು ಮಾಡಕ್ಕೂ ಬರ್ದಿರೋಳು ಅನ್ನಲ್ವಾ? ಬದೀನ್ ಕಳೆ, ಕಡ್ಡಿ, ಎಲ್ಲಾ ತೆಗ್ದು, ಮೊರದಲ್ಲಿ ಕೇರಿ ಕಳ್ಸಿದ್ದೆ.”

ನನ್ನ ಕಣ್ಣ ಮುಂದೆ ಆ ಮೆದೆ ಬಂದು ನಿಂತಿತು. ಹುಚ್ಚೆಳ್ಳನ್ನು ಕೊಯ್ಯುವಾಗ ಒಂದು ಹಿಡಿಗೆ ಎಷ್ಟು ಸಿಕ್ಕಿತೋ ಅಷ್ಟನ್ನು ಕುಡುಗೋಲಿಗೆ ಕೊಡುತ್ತೇವೆ. ಸಾಲು ಬದುವಿನ ಹತ್ತಿರ ಬಂದಾಗ ಬದುವಿನ ಕಳೆಯೂ ಆ ಹಿಡಿಯೊಳಕ್ಕೆ ಬರುತ್ತದೆ. ಅದರಲ್ಲೂ ಒಂದು ಕಳೆ ಹುಚ್ಚೆಳ್ಳಿನ ತಂಗಿಯ ಹಾಗೆ ಇರುತ್ತದೆ, ಅದೇ ಹಳದಿ ಹೂ, ಗಾತ್ರದಲ್ಲಿ ಮಾತ್ರ ಚಿಕ್ಕದು. ಒಣಗಿದ ಮೇಲೆ ಎರಡನ್ನೂ ಬೇರೆ ಮಾಡಬೇಕಾದರೆ ಅವ್ವನ ಹಾಗೆ ಕೂತು ಆರಿಸಬೇಕು. ನಾನು ಬಾಚಿದ ಮೊದಲ ಚೀಲದಲ್ಲಿ ಅದೆಲ್ಲ ಇತ್ತು. ಅವ್ವ ಕಳಿಸಿದ ಚೀಲದಲ್ಲಿ ಹುಚ್ಚೆಳ್ಳು ಮಾತ್ರ ಇತ್ತು. ನೊಣ ಬರದಿದ್ದುದೇ ಉತ್ತರವಾಗಿತ್ತು. ಅದು ಹುಚ್ಚೆಳ್ಳಿನ ನೊಣವೇ ಅಲ್ಲ.

“ಆ ಕಸ ಎಲ್ಲವ್ವಾ?”

“ಯಾವ್ ಕಸ?”

“ಆರಿಸಿ ಹಾಕಿದ್ಯಲ್ಲ, ಅದು. ತಿಪ್ಪೆಗೆ ಹಾಕಿದ್ರಾ?”

“ತಿಪ್ಪೆಗ್ಯಾಕೆ? ಮೆತ್ತಗಿತ್ತು, ಎತ್ತಿಟ್ಟಿದ್ದೆ. ಕೆಂಪು ಯಾಂಟೆ ಮೊನ್ನೆ ಕಾವು ಕೂತೈತಲ್ಲ, ಅದ್ರ ಮಂಕ್ರಿಗೆ ಆಕಿದೀನಿ.”

ಕೊಟ್ಟಿಗೆಯ ಮೂಲೆಯಲ್ಲಿ ಬಿದಿರಿನ ಮಂಕರಿಯೊಳಗೆ ಆ ಕೋಳಿ ಕೂತಿತ್ತು. ನಾನು ಹತ್ತಿರ ಹೋದ ಕೂಡಲೇ ಕತ್ತಿನ ಪುಕ್ಕ ನಿಗುರಿಸಿತು. ಅದರ ಹೊಟ್ಟೆಯ ಕೆಳಗೆ ಮೊಟ್ಟೆ, ಮೊಟ್ಟೆಯ ಕೆಳಗೆ ನನ್ನ ಹೊಟ್ಟು. ಕೈ ಹಾಕಲು ಹೋದೆ. ಅವ್ವ ಹಿಂದಿನಿಂದ ರಟ್ಟೆ ಹಿಡಿದಳು.

“ಲೇ, ಕಾವು ಕೂತಿರೋ ಕೋಳಿ ಎಬ್ಬುಸ್ತೀಯಾ? ಮೊಟ್ಟೆ ಕೆಟ್ಟೋದ್ರೆ?”

“ಅವ್ವಾ, ಅದರ ಕೆಳಗೆ ನನ್ನ ಕೆಲಸ ಇದೆ.”

“ಅದ್ರ ಕೆಲ್ಸನೂ ಅಲ್ಲೇ ಐತೆ. ಮೂರ್ ವಾರ ತಡಿ, ಮರಿ ಮಾಡ್ಕಂಡು ಎದ್ದೋಯ್ತದೆ.”

ಮೂರು ವಾರ ತಡೆದರೆ ನೊಣಗಳು ಹೊರಬಂದು ಹಾರಿಹೋಗಿರುತ್ತವೆ. ಕೋಳಿಯ ಕಾವಿನ ಬಿಸಿಗೆ ಇನ್ನೂ ಬೇಗ ಬಂದಾವು. ಹೊಟ್ಟನ್ನು ಈಗಲೇ ಎಳೆದು ತೆಗೆದರೆ ಕೋಳಿ ಎದ್ದುಹೋಗುತ್ತದೆ. ಒಮ್ಮೆ ಹೆದರಿ ಎದ್ದ ಕೋಳಿ ಮತ್ತೆ ಕೂರುತ್ತದೆ ಎನ್ನುವ ಭರವಸೆ ಇಲ್ಲ. ಆ ಮರಿಗಳ ಲೆಕ್ಕಾಚಾರ ಅವ್ವನ ತಲೆಯಲ್ಲಿ ಆಗಲೇ ಮುಗಿದಿತ್ತು, ಯುಗಾದಿಗೆ ಎಷ್ಟು, ಮಾರಿಹಬ್ಬಕ್ಕೆ ಎಷ್ಟು ಅಂತ. ನಾವಿಬ್ಬರೂ ಕೊಟ್ಟಿಗೆಯಲ್ಲಿ ಮಂಕರಿಯ ಆಚೆ ಈಚೆ ನಿಂತಿದ್ದೆವು. ಇಬ್ಬರಿಗೂ ಬಿಟ್ಟುಕೊಡುವ ಮನಸ್ಸಿಲ್ಲ.

ಕೊನೆಗೆ ನಾನೇ ಒಳಗೆ ಹೋಗಿ ಅಟ್ಟದ ಮೇಲಿದ್ದ ಹಳೆಯ ಸೊಳ್ಳೆ ಪರದೆ ತಂದೆ. ಪ್ರಯೋಗಾಲಯದಲ್ಲಿ ಪೆಟ್ಟಿಗೆಗೆ ಕಟ್ಟುವುದನ್ನು ಇಲ್ಲಿ ಮಂಕರಿಗೆ ಕಟ್ಟೋಣ, ಒಳಗೆ ಕೋಳಿಯಿದ್ದರೆ ಇರಲಿ ಎಂದು ನಿರ್ಧರಿಸಿದೆ. ತೊಲೆಯಿಂದ ಹಗ್ಗ ಇಳಿಬಿಟ್ಟು ಪರದೆಯನ್ನು ಗುಡಾರದ ಹಾಗೆ ಕಟ್ಟಿ, ಸುತ್ತ ಅಂಚಿಗೆ ಕಲ್ಲು ಹೇರಿದೆ. ಕಿಟಕಿಯ ಕಡೆಗಿದ್ದ ಮೇಲಿನ ಮೂಲೆಯಲ್ಲಿ ತೂತು ಮಾಡಿ ಗಾಜಿನ ಸೀಸೆ ಸಿಕ್ಕಿಸಿದೆ. ದಿನಕ್ಕೊಂದು ಸಲ ಅವ್ವ ಅಂಚೆತ್ತಿ ಕಾಳು ನೀರು ಒಳಗಿಡಬೇಕು, ಕೋಳಿ ಎದ್ದು ತಿಂದು ಮತ್ತೆ ಕೂರಬೇಕು. ಕೋಳಿ ಮೊದಲ ದಿನ ಬೈದುಕೊಂಡಿತು. ಎರಡನೆಯ ದಿನಕ್ಕೆ ಒಗ್ಗಿತು.

ಊರಿಗೆಲ್ಲ ಸುದ್ದಿಯಾಯಿತು. ಚಿಕ್ಕಪ್ಪ ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡಿದರು. “ಏನತ್ಗೆ, ಕೋಳಿಗೆ ಸೊಳ್ಳೆ ಕಡೀತವಾ?”

“ನಿಮ್ಮ ಮಗಳ್ನೇ ಕೇಳಪ್ಪ.”

“ಗಂಡು ಬೇಕಾಗಿದೆ ಚಿಕ್ಕಪ್ಪ,” ಎಂದೆ. “ನೊಣದ್ದು.”

“ಸರೋಯ್ತು. ನಿಂಗೊಂದು ಗಂಡು ನೋಡಣ ಅಂತ ನಾವ್ ಓಡಾಡ್ತಿದ್ರೆ, ನೀನು ನೊಣಕ್ ಗಂಡ್ ನೋಡ್ತಾ ಕೂತಿದೀಯಲ್ಲವ್ವ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ಅವರನ್ನು ಹೊಲದ ಬದುವಿಗೆ ಕರೆದುಕೊಂಡು ಹೋದೆ. ಆ ಹೊಲ ಅವರ ಪಾಲಿನದು. ಹೊಟ್ಟಿನಲ್ಲಿ ಹತ್ತು ಬಗೆಯ ಕಡ್ಡಿಕಸವಿದೆ. ನೊಣ ಯಾವುದರಲ್ಲಿ ಬೆಳೆಯುತ್ತದೆ ಎಂದು ಹೇಳಬೇಕಾದರೆ ನಿಂತ ಗಿಡದಿಂದ ಹೂತಲೆ ಕಿತ್ತು, ಒಂದೊಂದು ಸೀಸೆಗೆ ಒಂದೊಂದೇ ಹಾಕಿ ಕಾಯಬೇಕು. ಹಳದಿ ಹೂವಿನ ಆ ಕಳೆ ಬದುವಿನುದ್ದಕ್ಕೂ ಒಣಗಿ ನಿಂತಿತ್ತು.

“ಇದಕ್ಕೆ ಏನಂತೀರ ಚಿಕ್ಕಪ್ಪ?”

“ಇದ್ಕಾ? ಕಳೆ.”

“ಹೆಸರು?”

“ಕಳೆಗೆಂತ ಎಸ್ರು! ದನಾನೂ ಮೂಸಲ್ಲ ಇದ್ನ. ಬೇಕಾದ್ರೆ ಪೂರ್ತಿ ತಗಂಡೋಗು. ಇನ್ನೊಂದು ವಾರಕ್ಕೆ ಜೆಸಿಬಿ ಬತ್ತದೆ, ಬದೂನೆಲ್ಲ ವಡ್ದು ತೆಂಗಿಗೆ ಗುಂಡಿ ತೆಗ್ಸ್ತಾ ಇದೀನಿ.”

“ಬದು ಪೂರ್ತಿನಾ?”

“ಪೂರ್ತಿ. ಆಳು ಎಲ್ಲವ್ರೆ ಕಣವ್ವ, ರಾಗಿ ಕುಯ್ಯಕ್ಕೆ? ಯಂತ್ರ ತಂದ್ರೆ ಅಕ್ಕಡಿ ಸಾಲು ಅಡ್ಡ ಬತ್ತದೆ. ತೆಂಗಾದ್ರೆ ಅದ್ರ ಪಾಡಿಗೆ ಅದು ನಿಂತಿರ್ತದೆ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಹೂತಲೆ ಕೀಳತೊಡಗಿದೆ. ಸ್ವಲ್ಪ ಹೊತ್ತು ನೋಡಿ ಅವರೂ ಪಂಚೆ ಎತ್ತಿ ಕಟ್ಟಿ ಇನ್ನೊಂದು ಕಡೆಯಿಂದ ಕಿತ್ತು ಕೊಟ್ಟರು. ಅವತ್ತಿನ ಬಿಸಿಲು, ಕೈಗೆ ಅಂಟಿಕೊಂಡ ಕಹಿ ವಾಸನೆ, ಬದುವಿನ ಆ ತುದಿಯಿಂದ “ಇದಾಗ್ತದಾ? ಇದೂ ಬೇಕಾ?” ಎನ್ನುತ್ತಿದ್ದ ಚಿಕ್ಕಪ್ಪನ ದನಿ, ಇವೆಲ್ಲ ಈಗ ನೆನೆದರೆ ಯಾವುದೋ ದೊಡ್ಡ ಸಂಭ್ರಮದ ಹಾಗೆ ಕಾಣುತ್ತವೆ. ಆಗ ಅದು ಬರೀ ಅವಸರ.

ನಾನು ಕೆಲಸಕ್ಕೆ ಹಿಂದಿರುಗಿದೆ. ಹಾಸನದ ಪ್ರಯೋಗಾಲಯದಲ್ಲಿ ಹತ್ತಿ ಮುಚ್ಚಿದ ಸಣ್ಣ ಸೀಸೆಗಳ ಸಾಲು, ಊರಿನಲ್ಲಿ ಕೋಳಿಯ ಗುಡಾರ. ಅವ್ವನಿಗೆ ಹೇಳಿಕೊಟ್ಟು ಬಂದಿದ್ದೆ. ರೆಕ್ಕೆ ಚುಕ್ಕಿಯ ಸಣ್ಣ ನೊಣ ಸೀಸೆಗೆ ಬಂದರೆ ಬಾಯಿಗೆ ಹತ್ತಿ ಒತ್ತಬೇಕು. ಜೇನುತುಪ್ಪ ಕಲಸಿದ ನೀರಿನಲ್ಲಿ ಹತ್ತಿಯ ಚೂರು ಅದ್ದಿ ಒಳಗಿಡಬೇಕು. ಹೊಸದಾಗಿ ಹೊರಬಂದ ನೊಣದ ಮೈ ಮೆತ್ತಗೆ, ಬಣ್ಣ ಮಸುಕು. ಒಂದು ದಿನವಾದರೂ ಬದುಕಿ ಮೈ ಗಟ್ಟಿಯಾದರೆ ಮಾತ್ರ ಅದು ನೋಡಲು ಲಾಯಕ್ಕು.

ಒಂದು ಬೆಳಿಗ್ಗೆ ಪಾಠದ ನಡುವೆ ಫೋನು ಅಲುಗಿತು. ಎತ್ತಲಿಲ್ಲ. ಮತ್ತೆ ಅಲುಗಿತು. ಹೊರಗೆ ಬಂದು ಮಾಡಿದೆ.

“ಎರಡ್ ಬಂದವೆ ಕಣೆ! ಒಂದ್ರ ಬಾಲ ಸೂಜಿ ಇದ್ದಂಗೈತೆ, ಒಂದ್ರುದ್ದು ಮೊಂಡ.”

ಹೆಣ್ಣಿಗೆ ಮೊಟ್ಟೆಯಿಡುವ ಮೊನೆಯಿರುತ್ತದೆ. ಗಂಡಿಗೆ ಇರುವುದಿಲ್ಲ. “ರೆಕ್ಕೆ ತುದಿ ನೋಡವ್ವಾ. ಗೆರೆ ಅವ್ಯಾ?”

“ತಡಿ, ನಿಮ್ಮಣ್ಣನ್ ಮಗಳ್ನ ಕೇಳ್ತೀನಿ, ನಂಗ್ ಕಾಣಲ್ಲ... ಇಲ್ವಂತೆ. ಬೆಳ್ಳಗೆ ಒಂದು ಬೊಟ್ಟೈತಂತೆ.”

ಆ ಮಧ್ಯಾಹ್ನ ಹಾಸನಕ್ಕೆ ಹೋಗುವ ಬದಲು ಊರಿಗೆ ಹೋದೆ. ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಮರುದಿನ ಹಾಸನಕ್ಕೆ ತಂದೆ. ಕೋಳಿ ಮರಿ ಮಾಡಿ ಎದ್ದ ಮೇಲೆ ಹೊಟ್ಟನ್ನೆಲ್ಲ ತಂದು ಜಾಲಾಡಿದೆ. ಇನ್ನೆರಡು ಹೆಣ್ಣು ಸಿಕ್ಕವು, ಗಂಡು ಸಿಗಲಿಲ್ಲ. ಬದುವಿನ ಹೂತಲೆಗಳ ಸೀಸೆಗಳಲ್ಲಿಯೂ ಕೆಲವು ನೊಣ ಬಂದವು. ಪ್ರತಿಯೊಂದೂ ಆ ಹೆಸರಿಲ್ಲದ ಕಳೆಯ ತಲೆಯಿಂದಲೇ ಬಂದದ್ದು. ಒಡೆದು ನೋಡಿದರೆ ಒಳಗೆ ನೊಣ ಬಿಟ್ಟುಬಂದ ಕೋಶದ ಸಿಪ್ಪೆ ಅಂಟಿಕೊಂಡಿತ್ತು. ನೊಣದ ಮನೆ ಯಾವುದೆಂದು ಸಂಶಯವಿಲ್ಲದೆ ಹೇಳಬಹುದಾಯಿತು. ಆದರೆ ಅವೂ ಹೆಣ್ಣೇ. ಅಷ್ಟರಲ್ಲಿ ಬದುವಿನ ಮೇಲೆ ಜೆಸಿಬಿ ಓಡಿತ್ತು.

ಒಂದೇ ಒಂದು ಗಂಡು. ತ್ರಿಕೋನದ ಸಣ್ಣ ಕಾಗದದ ತುದಿಗೆ ಅಂಟಿಸಿ, ಸೂಜಿಗೆ ಸಿಕ್ಕಿಸಿ, ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ರೆಕ್ಕೆ, ಕಾಲು, ಮೈಮೇಲಿನ ಒಂದೊಂದು ಕೂದಲು, ಎಲ್ಲವೂ ನೆಟ್ಟಗಿದ್ದವು. ಕೊಂಡಿ ನೋಡಬೇಕಾದರೆ ಅದರ ಹೊಟ್ಟೆಯನ್ನು ಮುರಿದು ತೆಗೆಯಬೇಕು. ಮುರಿದದ್ದನ್ನು ಕಾಸ್ಟಿಕ್ ದ್ರಾವಣದಲ್ಲಿ ಬೇಯಿಸಿ, ಮಾಂಸ ಕರಗಿಸಿ, ಸಿಪ್ಪೆ ಮಾತ್ರ ಉಳಿಸಿ, ಸೂಜಿಮೊನೆಯಿಂದ ಬಿಡಿಸಬೇಕು. ದ್ರಾವಣ ಹೆಚ್ಚು ಬಿಸಿಯಾದರೆ ಸಿಪ್ಪೆಯೂ ಕರಗುತ್ತದೆ. ಕೈ ನಡುಗಿದರೆ ಕೊಂಡಿ ಮುರಿಯುತ್ತದೆ. ಆಮೇಲೆ ಜಗತ್ತಿಗೆ ತೋರಿಸಲು ನಮ್ಮ ಬಳಿ ಬೇರೆ ಗಂಡು ಇಲ್ಲ.

ಈ ಗುಂಪಿನ ಪರಿಣತರೊಬ್ಬರಿಗೆ ಸರ್ ಮಿಂಚಂಚೆ ಕಳಿಸಿ ಕೇಳಿದರು. ಮುಂದಿನ ವರ್ಷ ಇನ್ನೊಂದು ಗಂಡು ಸಿಗುವವರೆಗೆ ಇದನ್ನು ಮುಟ್ಟಬೇಡಿ ಎಂದು ಅವರು ಉತ್ತರಿಸಿದರು. ಅದು ಬಲ್ಲವರ ಮಾತು.

“ಏನ್ಮಾಡ್ತೀಯಮ್ಮಾ?” ಎಂದರು ಸರ್. “ಕಾದರೆ ನನಗೇನೂ ನಷ್ಟವಿಲ್ಲ. ನನ್ನ ಹೆಸರು ಬೇರೆ ನೊಣಗಳಲ್ಲಿದೆ. ನಿನ್ನದು, ನೀನು ಹೇಳು.”

“ಬೇರೆ ಕಡೆ ಈ ಕಳೆ ಇದೆ ಸರ್. ಆದ್ರೆ ಈ ನೊಣ ಇದೆಯೋ ಇಲ್ವೋ ಗೊತ್ತಿಲ್ಲ. ಸಿಕ್ಕಿದ ಬದು ಹೋಯ್ತು.”

“ಅಂದ್ರೆ?”

“ಮುಂದಿನ ವರ್ಷ ಅಂತ ಹೇಳಕ್ಕೆ ನನ್ನ ಹತ್ರ ಏನೂ ಇಲ್ಲ ಸರ್. ಬಿಚ್ತೀನಿ.”

ಅವರು ಫ್ಯಾನು ಆರಿಸಿದರು. ಬಾಗಿಲು ಹಾಕಿ ಬಂದು, ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಪೇಪರು ಬಿಡಿಸಿದರು. ಎದುರಿಗೆ ಕೂತರೆ ನನ್ನ ಕೈ ನಡುಗೀತು ಎಂದು ಹಾಗೆ ಮಾಡಿದರೆಂದು ಆಮೇಲೆ ತಿಳಿಯಿತು. ಅವರು ಪುಟ ತಿರುಗಿಸಿದ ಸದ್ದು ಒಂದು ಸಲವೂ ಕೇಳಲಿಲ್ಲ.

ಒದ್ದೆ ಹತ್ತಿಯ ಮೇಲೆ ಇಟ್ಟು ಮೆತ್ತಗೆ ಮಾಡಿದ್ದ ನೊಣದ ಹೊಟ್ಟೆಯನ್ನು ಸೂಜಿಯಿಂದ ಕೆಳಮುಖವಾಗಿ ಒತ್ತಿದೆ. ಸದ್ದಿಲ್ಲದೆ ಬಿಟ್ಟುಕೊಂಡಿತು. ದ್ರಾವಣದ ಬಟ್ಟಲಿಗೆ ಇಳಿಸಿ, ಬಟ್ಟಲನ್ನು ಬಿಸಿನೀರಿನ ಮೇಲಿಟ್ಟೆ. ಕಪ್ಪಿದ್ದದ್ದು ಕಂದಾಯಿತು, ಕಂದಿದ್ದದ್ದು ಜೇನಿನ ಬಣ್ಣಕ್ಕೆ ಬಂತು. ತೆಗೆದು ನೀರಿಗೆ ಹಾಕಿದೆ. ಕಣ್ಣು ಸೂಕ್ಷ್ಮದರ್ಶಕಕ್ಕಿಟ್ಟರೆ ಬಟ್ಟಲು ಖಾಲಿ.

ಮಾಂಸವೆಲ್ಲ ಕರಗಿದ ಮೇಲೆ ಅದು ಗಾಜಿನಷ್ಟೇ ಪಾರದರ್ಶಕ. ನೀರಿನಲ್ಲಿ ಬಿದ್ದರೆ ಕಾಣುವುದಿಲ್ಲ. ಬಟ್ಟಲನ್ನು ಮೆಲ್ಲಗೆ ತಿರುಗಿಸಿದೆ. ಇಲ್ಲ. ಬೆಳಕನ್ನು ಓರೆ ಮಾಡಿದೆ. ಇಲ್ಲ. ಕೈಯಲ್ಲಿದ್ದ ಸೂಜಿಯನ್ನು ಕೆಳಗಿಡಲು ಹೋದವಳು ಯಾಕೋ ಅದನ್ನೇ ಮಸೂರದ ಕೆಳಗೆ ಹಿಡಿದೆ. ಮೊನೆಗೆ ಅಂಟಿಕೊಂಡಿತ್ತು. ಸೂಜಿಯನ್ನು ಬಟ್ಟೆಗೆ ಒರೆಸುವುದು ನನ್ನ ಅಭ್ಯಾಸ. ಅವತ್ತು ಒರೆಸಿರಲಿಲ್ಲ.

ಗ್ಲಿಸರಿನ್ನಿನ ಹನಿಗೆ ಬಿಟ್ಟು, ಎರಡು ಸೂಜಿಗಳಿಂದ ಬಿಡಿಸಿದೆ. ಹುಚ್ಚೆಳ್ಳಿನ ನೊಣದ ಕೊಂಡಿ ನೆಟ್ಟಗೆ, ತುದಿ ಚೂಪು. ಇದರದು ಕುಡುಗೋಲಿನ ಹಾಗೆ ಬಾಗಿತ್ತು, ಬಾಗಿದ ಒಳಮೈಯಲ್ಲಿ ಒಂದು ಹಲ್ಲು. ಎಡಕ್ಕೊಂದು, ಬಲಕ್ಕೊಂದು, ಎರಡೂ ಮುಕ್ಕಾಗದೆ ನನ್ನ ಕಣ್ಣ ಮುಂದೆ ಇದ್ದವು.

“ಸರ್,” ಎಂದೆ.

ಅವರು ಬಂದು ನೋಡಿದರು. ನೋಡಿ, ಕಣ್ಣು ತೆಗೆಯದೆಯೇ, “ಚಿತ್ರ ಬರಿ. ಅಲ್ಲಾಡಿಸ್ಬೇಡ. ಈಗಲೇ ಬರಿ,” ಎಂದರು.

ಅದನ್ನು ಬರೆದು ಮುಗಿಸಿದೆ. ವಿವರಣೆ ಬರೆಯಲು ಇನ್ನೂ ತಿಂಗಳುಗಳು ಹಿಡಿದವು. ತಲೆಯ ಅಗಲ ಎತ್ತರ, ಕಾಲಿನ ಬಣ್ಣ, ರೆಕ್ಕೆಯ ನರಗಳ ನಡುವಣ ದೂರ, ಇದು ಯಾವುದಲ್ಲ, ಯಾಕಲ್ಲ. ಪರಿಣತರು ಎರಡು ಸಲ ತಿದ್ದಿಸಿದರು. ನೊಣಕ್ಕೆ ಇಟ್ಟ ಹೆಸರು ಲ್ಯಾಟಿನ್ನಿನಲ್ಲಿ ಬದುವಿನಲ್ಲಿ ಇರುವುದು ಎಂಬರ್ಥದ್ದು. ನಮ್ಮೂರಿನ ಹೆಸರನ್ನೇ ಇಡು ಎಂದು ಚಿಕ್ಕಪ್ಪ ಜಗಳವಾಡಿದರು. ಊರು ಹೇಗೂ ಸಿಕ್ಕಿದ ಜಾಗದ ಸಾಲಿನಲ್ಲಿ ಬರುತ್ತದೆ ಎಂದು ಸಮಾಧಾನ ಮಾಡಿದೆ.

ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಆ ಗಂಡನ್ನು ರಾಷ್ಟ್ರೀಯ ಸಂಗ್ರಹಕ್ಕೆ ಒಪ್ಪಿಸಬೇಕಿತ್ತು. ಅದೇ ಆ ಜಾತಿಗೆ ಸಾಕ್ಷಿ. ಮುಂದೆ ಯಾರಿಗೆ ಸಂಶಯ ಬಂದರೂ ಅದನ್ನೇ ನೋಡಬೇಕು. ಇದೇ ಜಾತಿಯ ಮೂಲ ಮಾದರಿ ಎಂದು ಸೂಚಿಸುವ ಕೆಂಪು ಚೀಟಿಯ ಕೆಳಗೆ ಇನ್ನೊಂದು ಚೀಟಿ ಚುಚ್ಚಿದ್ದೆ. ಊರು, ತಾಲ್ಲೂಕು, ಜಿಲ್ಲೆ, ಕಾವು ಕೂತ ಕೋಳಿಯ ಮಂಕರಿಯ ಹೊಟ್ಟಿನಿಂದ ಎಂದು. ಅಲ್ಲಿನ ಅಧಿಕಾರಿ ಮಸೂರ ಹಿಡಿದು ಓದಿ ನಕ್ಕರು.

“ಮೇಡಂ, ಕೋಳಿ ಬೇಕಾ? ಬರೀ ಊರು ಸಾಕಲ್ಲ.”

“ಸಿಕ್ಕಿದ್ದು ಅಲ್ಲೇ ಸರ್.”

ಅವರು ಮತ್ತೆ ಒಂದು ಸಲ ಓದಿ, ಹಾಗೇ ಬಿಟ್ಟರು.

ಆಮೇಲಿನ ಸುಗ್ಗಿಗಳಲ್ಲಿ ಬಲೆ ಹಿಡಿದು ಎಷ್ಟೋ ಬದುಗಳ ಮೇಲೆ ನಡೆದಿದ್ದೇನೆ. ಆ ಕಳೆ ಸಿಗುತ್ತದೆ. ನೊಣ ಇನ್ನೂ ಸಿಕ್ಕಿಲ್ಲ. ಹುಡುಕುವುದು ಬಿಟ್ಟಿಲ್ಲ. ಚಿಕ್ಕಪ್ಪನ ತೆಂಗಿನ ಸಸಿಗಳು ಈಗ ಆಳೆತ್ತರ ಆಗಿವೆ. ಅಲ್ಲಿ ನಿಂತರೆ ಬದು ಎಲ್ಲಿತ್ತು ಎಂದು ನನಗೂ ಅಂದಾಜಿನ ಮೇಲೆ ಹೇಳಬೇಕು.

ಲೇಖನದ ಪ್ರತಿಯನ್ನು ಊರಿಗೆ ಒಯ್ದ ದಿನ ಅವ್ವ ಕೈ ಒರೆಸಿಕೊಂಡು ಬಂದು ಕೊಂಡಿಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಯಾವುದು ಮೇಲು ಯಾವುದು ಕೆಳಗು ಎಂದು ಕೇಳಿ ತಿಳಿದುಕೊಂಡಳು.

“ಇಷ್ಟೆಲ್ಲಾ ಮಾಡಿದ್ಯಲ್ಲ, ಏನ್ ಮಾಡ್ತದೆ ಇದು? ಬೆಳೆ ತಿಂತದಾ?”

“ಇಲ್ಲ.”

“ಕಾಯ್ಲೆ ತತ್ತದಾ?”

“ಇಲ್ಲವ್ವ.”

“ಮತ್ತೆ?”

“ಏನೂ ಮಾಡಲ್ಲ. ಐತೆ, ಅಷ್ಟೆ.”

ಅವ್ವ ಚಿತ್ರವನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಕಾಗದವನ್ನು ನನ್ನ ಕೈಗೆ ಕೊಡುತ್ತ, “ಇರ್ಲಿ ಬುಡು,” ಎಂದಳು.